ಎರಡು ಗೇಣಿಗೆ ಮೂರು ಬೆರಳು ಕಮ್ಮಿ

ನೀಲವ್ವನ ಬಲಗೈ ಕೊನೆಯ ಸಲ ಸರಿಯಾಗಿ ಕೆಲಸ ಮಾಡಿದ ದಿನ ನಾವಿಬ್ಬರೂ ಕಮಲಾಪುರಕ್ಕೆ ಹೋಗಿದ್ದೆವು. ನೀಲವ್ವ ನನ್ನ ಹೆಂಡತಿ. ನಾನು ಕಲಬುರಗಿಯ ಒಂದು ದವಾಖಾನೆಯಲ್ಲಿ ಇಪ್ಪತ್ತಾರು ವರ್ಷ ಬಡಿಗನಾಗಿದ್ದು, ವಜೀಫಾ, ಅಂದರೆ ಪಿಂಚಣಿ, ಪಡೆದು ಮನೆ ಸೇರಿ ಆಗ ಎರಡು ವರ್ಷವಾಗಿತ್ತು. ಕೆಲಸ ಬಿಟ್ಟರೂ ಜನ ಬಿಟ್ಟಿರಲಿಲ್ಲ. ಕೈಕಾಲು ಆಡದವರು ಇರುವ ಮನೆಗಳಿಂದ ಜಳಕದ ಮಣೆ ಮಾಡಿಕೊಡಿರಿ ಎಂದು ಕರೆ ಬರುತ್ತಲೇ ಇತ್ತು.

ಕಮಲಾಪುರದ ಮನೆ ಒಕ್ಕಲುತನದವರದು. ಮನೆಯ ಹಿರಿಯಳು ಬಸಲಿಂಗವ್ವ. ಮೆಟ್ಟಿಲ ಮೇಲಿಂದ ಬಿದ್ದು ಟೊಂಕದ ಎಲುಬು ಮುರಿದಿತ್ತು. ಎಲುಬು ಕೂಡಿಕೊಂಡಿತ್ತು, ಗೋಡೆ ಹಿಡಿದು ನಡೆಯುತ್ತಿದ್ದಳು. ಆದರೆ ಬಚ್ಚಲಿನ ತಗ್ಗು ಮಣೆಯ ಮೇಲೆ ಕೂತರೆ ಮೇಲೇಳಲು ಬರುತ್ತಿರಲಿಲ್ಲ. ಹಾಗಾಗಿ ದಿನಾ ಸೊಸೆಯೇ ಸ್ನಾನ ಮಾಡಿಸಬೇಕಾಗಿತ್ತು.

ಹೆಣ್ಣುಮಕ್ಕಳ ಬಚ್ಚಲಿಗೆ ನಾನು ಹೋಗುವ ಹಾಗಿಲ್ಲ. ನಾನು ಪಡಸಾಲೆಯಲ್ಲಿ ಕೂತೆ. ನೀಲವ್ವ ಒಳಗೆ ಹೋದಳು. ನಡುವೆ ಒಂದು ಬಾಗಿಲು, ಮಾತೆಲ್ಲ ಕೇಳಿಸುತ್ತಿತ್ತು.

"ಸೊಸಿ ಹೊಲದಿಂದ ಬರೋತನಕ ನಾ ಹಂಗ ಕೂಡಬೇಕವ್ವ," ಎನ್ನುತ್ತಿದ್ದಳು ಬಸಲಿಂಗವ್ವ. "ಜಳಕಾಗದ ಲಿಂಗ ಮುಟ್ಟಂಗಿಲ್ಲ, ಪೂಜಿಯಾಗದ ತುತ್ತು ಎತ್ತಂಗಿಲ್ಲ. ನನ್ನ ಊಟದ ಹೊತ್ತಿಗೆ ಊರೆಲ್ಲ ಉಂಡು ಮಲಗಿರ್ತದ."

"ಸೊಸಿ ಬೈತಾಳೇನು, ಆಯಿ?"

"ಬೈದ್ರ ಚಲೋ ಇತ್ತು. ಏನೂ ಅನ್ನಂಗಿಲ್ಲ. ಅದಕ್ಕ ನನಗ ಸಂಕಟ."

"ನಾ ಇಲ್ಲೇ ಅದೀನಿ ಅತ್ತಿ, ಎಲ್ಲಾ ಕೇಳಸ್ತದ," ಎಂದಳು ಸೊಸೆ ಗೌರವ್ವ, ಅಡುಗೆಮನೆಯಿಂದ.

"ಕೇಳಸ್ಲಿ ಅಂತನ ಹೇಳಾಕತ್ತೀನಿ."

ಮೂವರೂ ನಕ್ಕರು. ಆ ನಗೆಯ ನಡುವೆಯೇ ನೀಲವ್ವ ತನ್ನ ಅಳತೆಯ ಕೆಲಸ ಮುಗಿಸಿಕೊಂಡಿರುತ್ತಾಳೆ ಎಂದು ನನಗೆ ಗೊತ್ತಿತ್ತು. ಕೊನೆಗೆ ಅವಳು ಪ್ರತಿ ಮನೆಯಲ್ಲೂ ಹೇಳುವ ಮಾತು ಹೇಳಿದಳು: "ಮಣಿ ಬಂದ ದಿನ ಮೊದಲ ಹಿಮ್ಮಡ ನೋಡ್ಕೋರಿ ಆಯಿ. ಕೂತಾಗ ಹಿಮ್ಮಡ ನೆಲಕ್ಕ ಊರಬೇಕು. ಬರೇ ಬೆರಳು ಮುಟ್ಟಿದ್ರ ಮಣಿ ವಾಪಸ್ ಕಳಿಸ್ರಿ, ನಮ್ಮ ಮನಿಯವ್ರಿಗೆ ನಾಕು ಬೈರಿ."

ಹುಮನಾಬಾದ ಕಡೆಯಿಂದ ಬರುವ ಮೋಟಾರು ಹಿಡಿದು ಮರಳಿದೆವು. ಅವಳ ಮಡಿಲಲ್ಲಿ ಗೌರವ್ವ ಕೊಟ್ಟ ಕೆಂಪು ಬಾಳೆಹಣ್ಣಿನ ಚಿಪ್ಪು ಇತ್ತು.

"ಎರಡು ಗೇಣಿಗೆ ಮೂರು ಬೆರಳು ಕಮ್ಮಿ," ಎಂದಳು. "ಮರೀಬ್ಯಾಡ್ರಿ."

"ಮರತ್ರ ನೀ ಅದೀಯಲ್ಲ," ಎಂದೆ.

ಮರುದಿನ ಬೆಳಿಗ್ಗೆ ನಾನು ಅಂಗಳದಲ್ಲಿ ರಂಧಾ ಹೊಡೆದು ಹಲಗೆ ನಯ ಮಾಡುತ್ತಿದ್ದೆ. ಬಚ್ಚಲಲ್ಲಿ ಚರಗಿ ಬಿದ್ದ ಸಪ್ಪಳವಾಯಿತು. ಚರಗಿ ಬೀಳುವುದು ದೊಡ್ಡ ಮಾತಲ್ಲ. ಆದರೆ ಬಿದ್ದ ಚರಗಿಯನ್ನು ಎತ್ತಿದ ಸಪ್ಪಳ ಬರಲಿಲ್ಲ. ನಾನು ಹೋಗಿ ನೋಡುವಾಗ ನೀಲವ್ವ ಎಡಗೈಯಿಂದ ಬಲಗೈಯನ್ನು ಎತ್ತಿ ಎತ್ತಿ ನೋಡುತ್ತಿದ್ದಳು, ಬೇರೆ ಯಾರದೋ ಕೈ ಎನ್ನುವ ಹಾಗೆ. ಲಕ್ವಾ ಹೊಡೆದಿತ್ತು.

ಈಗ ದವಾಖಾನೆಯಲ್ಲಿ ನನ್ನ ಜಾಗಕ್ಕೆ ಬಂದವರು ಎರಡು ಸಲ ಮನೆಗೆ ಬಂದು, ಜಳಕದ ಮಣೆಗಳ ಕೆಲಸ ಹೇಗೆ ಮಾಡುತ್ತಿದ್ದಿರಿ ಎಂದು ಬರೆದುಕೊಡಿರಿ ಎಂದರು. ನಾನು ಓದಿದ್ದು ಓಣಿಯ ಅಯ್ಯನವರ ಸಾಲೆಯಲ್ಲಿ ನಾಲ್ಕು ವರ್ಷ. ಬರೆಯುವ ರೂಢಿ ಇಲ್ಲ. ಆದರೆ ಈಗ ಮನೆಯಲ್ಲಿ ಹೊತ್ತು ಬಹಳ ಇದೆ.

ನಾನು ದವಾಖಾನೆಗೆ ಸೇರಿದಾಗ ನನ್ನ ಕೆಲಸ ಮಂಚ ರಿಪೇರಿ, ಮುರಿದ ಎಲುಬಿಗೆ ಕಟ್ಟುವ ಪಟ್ಟಿ, ಕಂಕುಳಿಗೆ ಇಟ್ಟುಕೊಳ್ಳುವ ಕಟ್ಟಿಗೆ, ಇಷ್ಟೇ. ಬಚ್ಚಲಿನ ಮಾತು ಯಾರ ತಲೆಯಲ್ಲೂ ಇರಲಿಲ್ಲ. ಒಬ್ಬ ಮನುಷ್ಯ ಬಿದ್ದ ಮೇಲೆ ಬಂತು.

ಅವನು ನಂದೂರಿನ ಗಾಡಿ ಹೊಡೆಯುವವನು. ಗಾಡಿಯ ಚಕ್ರದಡಿ ಸಿಕ್ಕಿದ್ದ ಒಂದು ಕಾಲನ್ನು ಮೊಣಕಾಲಿನ ತನಕ ತೆಗೆದಿದ್ದರು. ನಾನು ಅವನಿಗೆ ಸಾಗವಾನಿಯ ಎರಡು ಕಂಕುಳುಗೋಲು ಮಾಡಿಕೊಟ್ಟೆ. ಅವನು ದವಾಖಾನೆಯ ಅಂಗಳದಲ್ಲಿ ಮೂರು ಸುತ್ತು ಹಾಕಿ, ಎಲ್ಲರಿಗೂ ಕೈಮುಗಿದು, ನಗುತ್ತಾ ಊರಿಗೆ ಹೋದ. ಎಂಟೇ ದಿನದಲ್ಲಿ ಇನ್ನೊಂದು ಕಾಲು ಮುರಿದುಕೊಂಡು ಬಂದ. ಮನೆಯ ಬಚ್ಚಲಲ್ಲಿ ಫರಸಿ ಕಲ್ಲು ಹಾಸಿತ್ತು. ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಚರಗಿ ಹಿಡಿದು, ನಿಂತೇ ಜಳಕ ಮಾಡಲು ನೋಡಿದ್ದ. ನಮ್ಮ ಕಡೆಯ ಫರಸಿ ಒಣಗಿದ್ದಾಗ ತಾಯಿಯಂತೆ, ನೀರು ಬಿದ್ದ ಮೇಲೆ ಎಣ್ಣೆ ಸವರಿದ ಹಾಗೆ.

ದಾಕ್ತರ್ ಸಾಹೇಬರು ನನ್ನನ್ನು ಕರೆಸಿದರು. ಹೈದರಾಬಾದಿನವರು. ಕೂಗಾಡುವ ಮನುಷ್ಯರಲ್ಲ.

"ಮಿಸ್ತ್ರಿ, ಲಕಡಿ ದಿಯೇ, ಅಚ್ಛಾ ಕಿಯೇ. ಗುಸಲ್ ಕಹಾಂ ಕರ್ತಾ, ಪೂಛೇ ಕ್ಯಾ?" ಎಂದರು. ಕೋಲು ಕೊಟ್ಟೆ, ಒಳ್ಳೆಯದು. ಅವನು ಸ್ನಾನ ಎಲ್ಲಿ ಮಾಡುತ್ತಾನೆ ಎಂದು ಕೇಳಿದೆಯಾ?

"ಇಲ್ರಿ ಸಾಹೇಬ್ರ," ಎಂದೆ.

"ಮೈ ಭೀ ನಹೀಂ ಪೂಛಾ," ಎಂದರು. ನಾನೂ ಕೇಳಲಿಲ್ಲ. ಅಷ್ಟೇ. ಮರುದಿನದಿಂದ, ನಡೆಯಲು ಬಾರದವರು ಮನೆಗೆ ಹೋಗುವ ಮೊದಲು ನಾನು ಅವರ ಬಚ್ಚಲು ನೋಡಿ ಬರಬೇಕು ಎಂದು ಹುಕುಂ ಆಯಿತು. ನನ್ನ ಮೇಲಿನವರಲ್ಲಿ ತಪ್ಪನ್ನು ಅರ್ಧ ತಮ್ಮ ಮೇಲೆ ಹಾಕಿಕೊಂಡವರನ್ನು ನಾನು ಅವರೊಬ್ಬರನ್ನೇ ಕಂಡದ್ದು.

ಆ ಗಾಡಿಯವನಿಗೆ ನಾನು ಮಾಡಿದ ಮೊದಲ ಮಣೆ ಕೆಟ್ಟದಾಗಿತ್ತು. ಬಾಜು ಎನ್ನುವ ಮಂಚದ ಹಾಗೆ ಹಗ್ಗ ಹೆಣೆದಿದ್ದೆ, ಮೆತ್ತಗಿರಲಿ ಎಂದು. ಹಗ್ಗ ನೆನೆದು ಜೋತು, ತಿಂಗಳಲ್ಲಿ ಕೊಳೆತು ನಾರಿತು. ಆಮೇಲೆ ಹಲಗೆ ಪಟ್ಟಿಗಳನ್ನು ನಡುವೆ ಬೆರಳು ಸಂದು ಬಿಟ್ಟು ಜೋಡಿಸಿದೆ. ನೀರು ನಿಲ್ಲದೆ ಇಳಿಯಿತು. ಮೊಳೆ ತುಕ್ಕು ಹಿಡಿದು ಮೈಗೆ ಚುಚ್ಚುತ್ತದೆ ಎಂದು ಮರದ ಬೆಣೆ ಹಾಕಲು ಕಲಿತೆ. ಕಾಲುಗಳನ್ನು ನೆಟ್ಟಗೆ ಇಡದೆ ಕೆಳಗೆ ಸ್ವಲ್ಪ ಹೊರಕ್ಕೆ ಚಾಚಿದೆ. ಇಲ್ಲವಾದರೆ ಬೆನ್ನು ಉಜ್ಜಲು ಬಾಗಿದಾಗ ಮಣೆ ಮಗುಚುತ್ತದೆ. ಫರಸಿಗೆ ಕಲ್ಲುಕುಟಿಗರಿಂದ ಬೀಸುಕಲ್ಲಿನ ಹಾಗೆ ಹಲ್ಲು ಹೊಡೆಸಿದೆ. ಇದೆಲ್ಲ ಒಂದೇ ದಿನ ಹೊಳೆದದ್ದಲ್ಲ. ಒಂದೊಂದಕ್ಕೂ ಒಬ್ಬೊಬ್ಬರು ಜಾರಿದ್ದಾರೆ.

ಗಂಡಸರ ಬಚ್ಚಲಿಗೆ ತೊಂದರೆ ಇರಲಿಲ್ಲ. ಹೆಣ್ಣುಮಕ್ಕಳದು ಹೇಗೆ? ಮೊದಲ ವರ್ಷ ಅವರ ಗಂಡಂದಿರನ್ನೋ ಮಕ್ಕಳನ್ನೋ ಕೇಳಿ ಮಾಡುತ್ತಿದ್ದೆ. ತನ್ನ ತಾಯಿ ಕೂತು ಎರಕೊಳ್ಳುತ್ತಾಳೋ ನಿಂತು ಎರಕೊಳ್ಳುತ್ತಾಳೋ ಒಬ್ಬ ಮಗನಿಗೂ ಗೊತ್ತಿರಲಿಲ್ಲ. ಒಂದು ದಿನ ನೀಲವ್ವ ರೊಟ್ಟಿ ಬಡಿಯುತ್ತಾ, "ಆಕಿನ್ನ ಬಿಟ್ಟು ಊರಿಗೆಲ್ಲ ಕೇಳ್ಕೋತ ತಿರಗತೀರಲ್ಲ, ನಾ ಹೋಗಿ ಕೇಳ್ಲಿ?" ಎಂದಳು. ಹಾಗೆ ಶುರುವಾಯಿತು. ಸರಕಾರದ ಕಾಗದದಲ್ಲಿ ಅವಳ ಹೆಸರು ಎಲ್ಲೂ ಇಲ್ಲ.

ನಾನು ಅಳತೆಗೆ ದಾರ ಕೊಟ್ಟು ಕಳಿಸಿದ್ದೆ. ದಾರ ಹಾಗೆಯೇ ವಾಪಸ್ ಬಂತು. ನಮ್ಮಲ್ಲಿ ಸತ್ತವರನ್ನು ಹೂಳುವ ಗುಣಿಗೆ ಕೋಲಿನಿಂದಲೋ ದಾರದಿಂದಲೋ ಅಳತೆ ತೆಗೆಯುತ್ತಾರೆ. ಬದುಕಿದ ಮೈಯ ಹತ್ತಿರ ದಾರ ಹಿಡಿದು ಹೋದರೆ ಮುದುಕಿಯರು ಕಾಲು ಎಳೆದುಕೊಳ್ಳುತ್ತಿದ್ದರು. "ಇನ್ನೂ ಜೀವ ಅದವ್ವ, ಈಗ ಯಾಕ ಅಳೀತಿ?" ಎಂದು ಒಬ್ಬಳು ಅತ್ತೇಬಿಟ್ಟಳಂತೆ. ಅದಕ್ಕೆ ನೀಲವ್ವ ಕೈಯನ್ನೇ ಅಳತೆಗೋಲು ಮಾಡಿಕೊಂಡಳು. ಮುದುಕಿಯ ಎದುರು ನೆಲದ ಮೇಲೆ ಕೂತು, ಕಾಲು ಒತ್ತುವ ಹಾಗೆ ಪಾದದಿಂದ ಮೊಣಕಾಲಿನ ತನಕ ಗೇಣು ಹಾಕುವುದು. ಮಾತಾಡುತ್ತಾ ಮಾತಾಡುತ್ತಾ ಟೊಂಕದ ಅಗಲ ನೋಡುವುದು. ಯಾವ ಕೈಯಲ್ಲಿ ಬಲ ಇದೆ ಎಂದು ತಿಳಿಯಲು ಒಂದು ಚರಗಿ ನೀರು ಕುಡಿಯಲು ಕೇಳಿ, ಅವರು ಹೇಗೆ ಎತ್ತಿಕೊಡುತ್ತಾರೆ ನೋಡುವುದು. ತಮ್ಮ ಅಳತೆ ಆಯಿತು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಈ ರೀತಿಯಲ್ಲಿ ನಾವು ಮಾಡಿದ ದೊಡ್ಡ ತಪ್ಪು ಬ್ರಹ್ಮಪುರದ ಒಂದು ಮನೆಯಲ್ಲಿ ಆಯಿತು. ಅವರು ಮಡಿವಂತ ವೈಷ್ಣವರು. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಹಿರಿಯರು ಅಂಬಾಬಾಯಿ, ಸಂಧಿವಾತದಿಂದ ಮೊಣಕಾಲು ಮಡಚುತ್ತಿರಲಿಲ್ಲ. ಮಡಿಯಲ್ಲಿ ಇನ್ನೊಬ್ಬರು ಮುಟ್ಟಿ ಜಳಕ ಮಾಡಿಸಿದರೆ ಅವರಿಗೆ ನಡೆಯುತ್ತಿರಲಿಲ್ಲ. ಮಣೆಗೆ ಅವರು ಚೌರಂಗ ಎನ್ನುತ್ತಿದ್ದರು. ನೀಲವ್ವ ನೋಡಿ ಬಂದು, "ಬರಾಬರಿ ಎರಡು ಗೇಣು," ಎಂದಳು. ನಾನು ನನ್ನ ಗೇಣಿನಿಂದ ಎರಡು ಹಾಕಿ ಕಾಲು ಕೊಯ್ದೆ. ಒಳ್ಳೆಯ ಸಾಗವಾನಿ, ಒಳ್ಳೆಯ ಬೆಣೆ, ನುಣುಪಾದ ಕೆಲಸ. ಹೆಮ್ಮೆಯಿಂದ ಕೊಟ್ಟು ಬಂದೆ.

ಮೂರನೆಯ ದಿನ ಕರೆ ಬಂತು. ಅಂಬಾಬಾಯಿ ಮಣೆಯಿಂದ ಮುಂದಕ್ಕೆ ಜಾರಿ ಬಿದ್ದು ಮುಂಗೈ ಊದಿತ್ತು. ಅವರು ನಡುಮನೆಯಲ್ಲಿ ಕೈಗೆ ಅರಿಶಿನದ ಪಟ್ಟು ಹಾಕಿಕೊಂಡು ಕೂತಿದ್ದರು. ನಾನು ಹೊಸ್ತಿಲ ಹೊರಗೆ ನಿಂತೆ.

"ಬಾಪ್ಪಾ ಮಿಸ್ತ್ರಿ," ಎಂದರು. "ಚೌರಂಗ ಕೊಟ್ಟೀಯೋ, ಜೋಕಾಲಿ ಕೊಟ್ಟೀಯೋ? ಕೂತ್ರ ಕಾಲು ತೂಗಾಡ್ತಾವ. ಈ ವಯಸ್ಸಿನ್ಯಾಗ ನನಗ ನಾಗರಪಂಚಮಿ ಜೋಕಾಲಿ ಆಡಿಸಿದಿ ನೋಡು."

ಅವರ ಸೊಸೆ ಸೆರಗು ಬಾಯಿಗಿಟ್ಟು ನಕ್ಕಳು. ನನಗೆ ನಗಲು ಆಗಲಿಲ್ಲ. ಮನೆಗೆ ಬಂದು ನೀಲವ್ವನ ಮೇಲೆ ಹರಿಹಾಯ್ದೆ. "ಅಳತಿ ತಪ್ಪಿ ಹೇಳೀದಿ."

"ನಾ ಯಾಕ ತಪ್ಪಿ ಹೇಳ್ಲಿ? ಎರಡ ಗೇಣು. ನೀವು ತಪ್ಪಿ ಕೊಯ್ದೀರಿ."

"ಎರಡ ಗೇಣ ಕೊಯ್ದೀನಿ!"

"ಎಲ್ಲಿ, ಇಡ್ರಿ ಕೈ."

ಅಂಗಳದಲ್ಲಿ ಬಿದ್ದಿದ್ದ ಹಲಗೆಯ ಮೇಲೆ ನಾನು ಗೇಣು ಚಾಚಿದೆ. ಅವಳು ಅದರ ಪಕ್ಕದಲ್ಲಿ ತನ್ನ ಗೇಣು ಇಟ್ಟಳು. ಅವಳ ಕಿರುಬೆರಳು ನನ್ನದಕ್ಕಿಂತ ಎಷ್ಟೋ ಹಿಂದೆ ಉಳಿಯಿತು. ಎರಡು ಗೇಣಿಗೆ ಮೂರು ಬೆರಳಿನಷ್ಟು ವ್ಯತ್ಯಾಸ. ಹತ್ತು ವರ್ಷ ಸಂಸಾರ ಮಾಡಿದ್ದೆವು, ಇಬ್ಬರೂ ಒಮ್ಮೆಯೂ ಕೈಗೆ ಕೈ ಇಟ್ಟು ನೋಡಿರಲಿಲ್ಲ.

ಅವಳು ಹಲಗೆಯ ಮೇಲಿಂದ ಕೈ ತೆಗೆದು, "ಅಂದ್ರ ಈ ವರ್ಷ ಕೊಟ್ಟ ಮಣಿ ಎಲ್ಲಾ?" ಎಂದಳು.

ಎಲ್ಲವೂ ಎತ್ತರವೇ ಆಗಿದ್ದವು. ಬೇರೆಯವರು ಸುಮ್ಮನೆ ತುದಿಗಾಲಲ್ಲಿ ಕೂತು ಸಹಿಸಿಕೊಂಡಿದ್ದರು. ಸರಕಾರಿ ಬಡಿಗ ಕೊಟ್ಟದ್ದು ಹೀಗೇ ಇರಬೇಕು ಎಂದು ತಿಳಿದಿದ್ದರು. ಏಳು ಮನೆಗೆ ಗರಗಸ ಹಿಡಿದು ಹೋಗಿ ಮಣೆಗಳ ಕಾಲು ಕೊಯ್ದು ಬಂದೆ. ಅಂಬಾಬಾಯಿಯವರ ಮಣೆಯನ್ನು ನೀಲವ್ವನ ಗೇಣಿನಿಂದ ಸರಿಯಾಗಿ ಎರಡು ಗೇಣಿಗೆ ಇಳಿಸಿದೆ. ಹಿಮ್ಮಡ ನೋಡಿಕೊಳ್ಳಿರಿ ಎಂಬ ಮಾತು ನೀಲವ್ವನ ಬಾಯಿಗೆ ಬಂದದ್ದು ಆವಾಗ. ಕೊನೆಯವರೆಗೂ ಆ ಮಾತನ್ನು ಯಾವ ಮನೆಯಲ್ಲೂ ಬಿಟ್ಟವಳಲ್ಲ.

ಅದೇ ವಾರ ನಾನು ಒಂದು ಸಾಗವಾನಿ ಕೋಲಿನ ಮೇಲೆ ಅವಳ ಕೈ ಇರಿಸಿ, ಗೇಣಿಗೊಂದು, ಅರ್ಧ ಗೇಣಿಗೊಂದು, ಬೆರಳಿಗೊಂದು ಗೀರು ಹಾಕಿದೆ. ಬಾಗಿಲ ಪಕ್ಕದ ಗೂಟಕ್ಕೆ ನೇತುಹಾಕಿದೆ. ಅಂದಿನಿಂದ ಅವಳು ಕೈಯಿಂದ ಅಳೆದು ಬರುವಳು, ನಾನು ಕೋಲಿನಿಂದ ಕೊಯ್ಯುವೆನು. ಇಪ್ಪತ್ತಕ್ಕೂ ಹೆಚ್ಚು ವರ್ಷ ಹೀಗೆಯೇ ನಡೆಯಿತು. ಹೊಸಬರಿಗೆ ನನ್ನ ಮೊದಲ ಮಾತು ಇದು: ಅಳೆದವರ ಕೈ ಯಾವುದು, ಕೊಯ್ಯುವವರ ಕೈ ಯಾವುದು ಎಂದು ಮೊದಲು ನೋಡಿಕೊಳ್ಳಿರಿ.

ಎಲ್ಲ ಸಾಹೇಬರೂ ಒಂದೇ ರೀತಿ ಇರಲಿಲ್ಲ. ನಡುವೆ ಒಬ್ಬ ಮುಂತಜಿಮ್ ಸಾಹೇಬರು ಬಂದರು, ದವಾಖಾನೆಯ ಸಾಮಾನು ಸರಂಜಾಮು ಅವರ ಕೈಯಲ್ಲಿ. ಮನೆ ಮನೆ ತಿರುಗುವುದು ಅವರಿಗೆ ಹಿಡಿಸಲಿಲ್ಲ. ಹನ್ನೆರಡು ಮಣೆ ಒಂದೇ ಅಳತೆಯಲ್ಲಿ ಮಾಡಿಡು, ಬಂದವರಿಗೆ ಕೊಟ್ಟು ಕಳಿಸು ಎಂದರು.

"ಸಾಹೇಬ್ರ, ಜನ ಒಂದ ಅಳತಿಯವರಿಲ್ರಿ."

"ಸಿಪಾಯಿ ಲೋಗಾಂ ಕಾ ಬೂಟ್ ನಹೀಂ ಆತಾ?" ಎಂದರು. ಸಿಪಾಯಿಗಳಿಗೆ ಬೂಟು ಒಟ್ಟಿಗೇ ಮಾಡಿ ಬರುವುದಿಲ್ಲವೇ ಎಂದು. ಆ ಬೂಟೂ ಮೂರು ಅಳತೆಯಲ್ಲಿ ಬರುತ್ತವೆ ಎಂದು ನನಗೆ ಆಗ ಹೊಳೆಯಲಿಲ್ಲ. ಮಾಡಿಕೊಟ್ಟೆ. ತಾವು ಕೂಡುವ ಎತ್ತರಕ್ಕೇ ಅಳತೆ ಬರೆಸಿದ್ದರು, ಅವರೋ ನಾಲ್ಕು ಮೊಳದ ಬಾಗಿಲಿಗೆ ತಲೆ ಬಗ್ಗಿಸುವವರು. ಹನ್ನೆರಡರಲ್ಲಿ ಎರಡು ಹೋದವು. ಹತ್ತು ದವಾಖಾನೆಯ ಪಡಸಾಲೆಯಲ್ಲಿ ಉಳಿದವು. ಔಷಧಕ್ಕೆ ಕಾಯುವವರು ಅದರ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಒಂದು ದಿನ ಮುಂತಜಿಮ್ ಸಾಹೇಬರೇ ಒಂದರ ಮೇಲೆ ಕೂತು ಚಹಾ ಕುಡಿಯುವುದನ್ನು ಕಂಡೆ. ಅವರಿಗೆ ಅದು ಬಹಳ ಚೆನ್ನಾಗಿ ಹೊಂದಿತ್ತು.

ಇಷ್ಟು ವರ್ಷ ಬೇರೆಯವರಿಗೆ ಮಣೆ ಮಾಡಿಕೊಟ್ಟ ನಾನು ನನ್ನ ಮನೆಗೇ ಬೇಕಾಗಿ ಬಂದಾಗ ಏನು ಮಾಡಿದೆ ಎಂಬುದನ್ನೂ ಬರೆಯಬೇಕು.

ಲಕ್ವಾ ಹೊಡೆದ ಎಂಟನೆಯ ದಿನ ನೀಲವ್ವನ ಮಾತು ಸ್ವಲ್ಪ ತೊದಲಿದರೂ ತಿಳಿಯುವಂತಾಯಿತು. ಪಕ್ಕದ ಮನೆಯ ಗಂಗವ್ವ ದಿನಾ ಬಂದು ಜಳಕ ಮಾಡಿಸಿ ಹೋಗುತ್ತಿದ್ದಳು. ಗಂಗವ್ವ ಒಳ್ಳೆಯವಳು. ಆದರೂ ಅವಳು ಹೋದ ಮೇಲೆ ನೀಲವ್ವ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು.

ನಾನು ನಾಲ್ಕು ದಿನ ಕೂತು ಒಂದು ಮಣೆ ಮಾಡಿದೆ. ಬೆನ್ನಿಗೆ ಆಸರೆ, ಎರಡೂ ಕಡೆ ಕೈ ಊರಲು ಕಟ್ಟಿಗೆ, ಎಲ್ಲದಕ್ಕೂ ಅಂಚು ಮೆತ್ತಗೆ ಉಜ್ಜಿದ್ದೆ. ನನ್ನ ಜೀವನದಲ್ಲಿ ಅಷ್ಟು ಚಂದದ ಕೆಲಸ ಮಾಡಿರಲಿಲ್ಲ. ಅವಳು ಅದನ್ನು ಮೇಲಿಂದ ಕೆಳಗೆ ನೋಡಿದಳು.

"ಪಟ್ಟಕ್ಕ ಕೂಡಸಾಕತ್ತೀರೇನು ನನ್ನ?" ಎಂದಳು.

"ಯಾಕ, ಏನಾತು?"

"ಹಿಂದ ಹಲಗಿ, ಬೆನ್ನು ತೊಳಿಯೋದು ಹ್ಯಾಂಗ? ಎಡಕ್ಕ ಕಟ್ಟಿಗಿ, ನನಗ ಇರೋದು ಎಡಗೈ ಒಂದ. ಅದು ಕಟ್ಟಿಗಿ ದಾಟಿ ನೀರಿಗೆ ಹೋಗಬೇಕೇನು? ಮೊದಲ ಕೇಳಬೇಕಿತ್ತು. ಊರಿಗೆಲ್ಲ ಕೇಳಸ್ತಿದ್ರಿ, ನನ್ನ ಕೇಳಲಿಲ್ಲ."

ಕೇಳಿರಲಿಲ್ಲ. ಅಂದೇ ಕೇಳಿದೆ. ಅವಳು ಒಂದೊಂದಾಗಿ ಹೇಳಿದಳು. ಬೆನ್ನಿನ ಹಲಗೆ, ಎಡಗಡೆಯ ಕಟ್ಟಿಗೆ ಬೇಡ, ಎರಡನ್ನೂ ತೆಗೆದೆ. ಹಂಡೆ ಬಲಗಡೆ ಇತ್ತು, ಎಡಕ್ಕೆ ಬರಬೇಕು. ನಾನು ಒಲೆ ಕಿತ್ತು ಎಡಗಡೆ ಹೊಸದಾಗಿ ಹೂಡಿದೆ. ತಣ್ಣೀರಿನ ಕೊಡ ನೆಲದ ಮೇಲೆ ಬೇಡ, ಮೊಣಕಾಲಿನ ಮಟ್ಟಕ್ಕೆ ಬೇಕು. ಕಲ್ಲಿನ ಮೇಲೆ ಇರಿಸಿದೆ. ದೊಡ್ಡ ಚರಗಿ ಭಾರ, ಹಾಲು ಅಳೆಯುವ ಸಣ್ಣದು ಸಾಕು. ಏಳುವಾಗ ಹಿಡಿಯಲು ಮೇಲಿನ ಜಂತಿಯಿಂದ ಹಗ್ಗ, ಅದಕ್ಕೆ ಗೇಣಿಗೊಂದು ಗಂಟು, ಕೈ ಜಾರದ ಹಾಗೆ. ಮೈ ಉಜ್ಜುವ ಬಟ್ಟೆಗೆ ಎರಡೂ ತುದಿಗೆ ಕುಣಿಕೆ, ಒಂದನ್ನು ಗೋಡೆಯ ಗೂಟಕ್ಕೆ ಹಾಕಿ ಒಂದೇ ಕೈಯಲ್ಲಿ ಎಳೆದರೆ ಬೆನ್ನು ಉಜ್ಜಬಹುದು. ಈ ಕೊನೆಯದು ನನ್ನ ಇಪ್ಪತ್ತಾರು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ.

ಮಣೆಯ ಎತ್ತರಕ್ಕೆ ನಾನೇ ಅವಳ ಎದುರು ನೆಲದ ಮೇಲೆ ಕೂತು ಪಾದದಿಂದ ಗೇಣು ಹಾಕಿದೆ. "ನಿಮ್ಮ ಗೇಣಿಂದು ನೀವ ಕೊಯ್ರಿ, ಕೋಲು ಮುಟ್ಟಬ್ಯಾಡ್ರಿ," ಎಂದು ನಕ್ಕಳು. ಬಾಯಿ ಒಂದೇ ಕಡೆ ನಕ್ಕಿತು.

ಮರುವಾರ ಅವಳು ಒಳಗಿನಿಂದ ಬಾಗಿಲು ಹಾಕಿಕೊಂಡಳು. ನಾನು ಹೊರಗೆ ನಿಂತೆ. ಬಹಳ ಹೊತ್ತಿನ ಮೇಲೆ ಮೊದಲ ಚರಗಿ ನೀರಿನ ಸಪ್ಪಳ ಬಂತು. ಆಮೇಲೆ ಎರಡನೆಯದು. ಅಂದಿನಿಂದ ಅವಳ ಮೈಮೇಲೆ ಅವಳೇ ನೀರು ಹಾಕಿಕೊಂಡಳು, ಮೂರು ತಿಂಗಳು.

ಈ ಮೂರು ತಿಂಗಳಲ್ಲಿ ಅವಳು ನನ್ನನ್ನು ಎಷ್ಟೋ ಸಲ ಕೇಳಿದಳು: "ಕಮಲಾಪುರದ ಆಯಿ ಮಣಿ ಆತೇನ್ರಿ?"

"ನಾಳಿ ಕೆಲಸಕ್ಕ ಕೂಡತೀನಿ," ಎನ್ನುತ್ತಿದ್ದೆ.

ಕೂಡಲಿಲ್ಲ. ಮನೆಯಲ್ಲಿದ್ದ ಒಳ್ಳೆಯ ಹಲಗೆ ನೀಲವ್ವನ ಮಣೆಗೆ ಹೋಗಿತ್ತು ಎಂಬುದು ನೆಪ. ನಿಜವೆಂದರೆ ಬೇರೆ ಯಾರ ಬಚ್ಚಲಿನ ವಿಚಾರವೂ ನನಗೆ ಆಗ ಬೇಕಾಗಿರಲಿಲ್ಲ. ಅತ್ತ ಬಸಲಿಂಗವ್ವ ದಿನಾ ಮಧ್ಯಾಹ್ನ ಇಳಿಯುವ ತನಕ ಉಪವಾಸ ಕೂತಿರುತ್ತಾಳೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟೆ.

ಒಂದು ಬೆಳಿಗ್ಗೆ ನೀಲವ್ವ ಜಳಕ ಮಾಡಿ, ಹಗ್ಗ ಹಿಡಿದು ಎದ್ದು, ಹೊರಗೆ ಬಂದು ಬಿಸಿಲಿಗೆ ಕೂದಲು ಹರವಿಕೊಂಡು ಕೂತಳು. ನಾನು ರೊಟ್ಟಿ ಮುರಿದು ತಂದೆ. ತಿನ್ನಲಿಲ್ಲ. ಇನ್ನೊಮ್ಮೆ ಹೊಡೆದಿತ್ತು. ಬಿಸಿಲು ಗೋಡೆ ದಾಟುವಷ್ಟರಲ್ಲಿ ಹೋದಳು. ಕೂದಲು ಇನ್ನೂ ಹಸಿಯಾಗಿಯೇ ಇತ್ತು.

ಗುಣಿ ತೋಡುವವರು ಅಳತೆಗೆ ಕೋಲು ಕೇಳಿದರು. ಗಂಗವ್ವನ ಗಂಡ ಒಳಗೆ ಹೋಗಿ, ಬಾಗಿಲ ಪಕ್ಕದ ಗೂಟಕ್ಕೆ ಇದ್ದ ಕೋಲನ್ನು ತೆಗೆದುಕೊಂಡು ಅವರ ಕೈಗೆ ಕೊಟ್ಟ. ಅವನಿಗೆ ಏನು ಗೊತ್ತು. ನಾನು ಕೂತಲ್ಲಿಂದ ನೋಡಿದೆ. ತಡೆಯಲಿಲ್ಲ. ಗುಣಿ ಅಳೆದ ಕೋಲನ್ನು ಮರಳಿ ಮನೆಗೆ ತರುವುದಿಲ್ಲ, ಅಲ್ಲಿಯೇ ಬಿಟ್ಟು ಬರುತ್ತಾರೆ. ಮೂರನೆಯ ದಿನ ಹಾಲು ತುಪ್ಪ ಬಿಡಲು ಹೋದಾಗ ಸುತ್ತಲೂ ನೋಡಿದೆ. ಕೋಲು ಇರಲಿಲ್ಲ. ಮಣ್ಣು ಎಳೆಯುವಾಗ ಒಳಗೇ ಬಿದ್ದಿರಬಹುದು, ಇಲ್ಲವೇ ದನ ಕಾಯುವವರು ಒಯ್ದಿರಬಹುದು ಎಂದರು.

ತಿಂಗಳಾದ ಮೇಲೆ ಕಮಲಾಪುರದಿಂದ ಸಂತೆಗೆ ಬಂದವರೊಬ್ಬರು ಮನೆಗೆ ಬಂದು, "ಆಯಿ ಕೇಳ್ಯಾಳ್ರಿ, ಮಣಿ ಆಗದಿದ್ರ ಆಗಲಿಲ್ಲ, ನೀಲವ್ವ ಆರಾಮ ಅದಾಳಿಲ್ಲೋ ಕೇಳ್ಕೊಂಡು ಬಾ ಅಂದಾಳ," ಎಂದರು. ಮಣೆ ಎಂಟು ದಿನದಲ್ಲಿ ತರುತ್ತೇನೆ ಎಂದಷ್ಟೇ ಹೇಳಿ ಕಳಿಸಿದೆ.

ಎರಡು ಗೇಣಿಗೆ ಮೂರು ಬೆರಳು ಕಮ್ಮಿ. ಮಾತು ನೆನಪಿತ್ತು. ಅಳೆದ ಗೇಣು ಇರಲಿಲ್ಲ. ನನ್ನ ಗೇಣಿನಿಂದ ಅಂದಾಜಿಗೆ ಕಳೆದು ಕೊಯ್ಯಲು ಧೈರ್ಯವಾಗಲಿಲ್ಲ. ಮನೆಯಲ್ಲಿದ್ದ ನೀಲವ್ವನ ಮಣೆ ನನ್ನ ಗೇಣಿನದು. ಮತ್ತೊಮ್ಮೆ ಅಳೆದು ಕಳಿಸಿರಿ ಎನ್ನಬಹುದಿತ್ತು. ಆ ಮುದುಕಿಯ ಕಾಲಿಗೆ ದಾರ ಹಿಡಿಯಲು ಆ ಮನೆಯವರು ಒಪ್ಪುತ್ತಿರಲಿಲ್ಲ. ನನಗೂ ಹೇಳುವ ಮನಸ್ಸಿರಲಿಲ್ಲ. ಅಳೆದವಳು ಅಳೆದಾಗಿತ್ತು.

ಎರಡು ದಿನ ಹಳೆಯ ಮನೆಗಳನ್ನು ತಿರುಗಿದೆ. ಹೆಚ್ಚಿನ ಮಣೆಗಳ ಕಾಲು ನೀರಿಗೆ ಸವೆದಿದ್ದವು, ಕೆಲವು ಒಲೆಗೆ ಹೋಗಿದ್ದವು. ಕೊನೆಗೆ ಬ್ರಹ್ಮಪುರಕ್ಕೆ ಹೋದೆ. ಅಂಬಾಬಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅಂದು ಸೆರಗು ಬಾಯಿಗಿಟ್ಟು ನಕ್ಕ ಸೊಸೆ ಈಗ ಮನೆಯ ಹಿರಿಯಳು. ನಾನು ಚೌರಂಗದ ಮಾತೆತ್ತಿದ ಕೂಡಲೇ ಒಳಗಿನಿಂದ ತರಿಸಿದಳು. ಅದರ ಮೇಲೆ ಉಪ್ಪಿನಕಾಯಿ ಭರಣಿ ಇಡುತ್ತಿದ್ದರಂತೆ. ಒಣಗಿಕೊಂಡು, ಕಾಲು ಸವೆಯದೆ, ಹಾಗೆಯೇ ಇತ್ತು.

"ಅತ್ತೀಬಾಯಾರು ಹೋದ ಮ್ಯಾಲ ಒಲಿಗೆ ಹಾಕಾಕ ಮನಸ್ಸಾಗಲಿಲ್ರಿ ಮಿಸ್ತ್ರಿ. ಎರಡು ಸಲ ಮಾಡಿದ ಚೌರಂಗ ಅಲ್ಲೇನ್ರಿ ಇದು?" ಎಂದಳು.

"ಹೌದ್ರಿ ಬಾಯಾರ."

ಬರಾಬರಿ ಎರಡು ಗೇಣು. ನೆಲದಿಂದ ಹಲಗೆಯ ತನಕ ದಾರ ಹಿಡಿದೆ. ಗೇಣಿಗೆ ಹನ್ನೆರಡು ಬೆರಳು, ಎರಡು ಗೇಣಿಗೆ ಇಪ್ಪತ್ನಾಲ್ಕು. ದಾರವನ್ನು ಮಡಚಿ, ಮತ್ತೆ ಮಡಚಿ, ಮತ್ತೊಮ್ಮೆ ಮಡಚಿದೆ. ಎಂಟು ಮಡಿಕೆ, ಮಡಿಕೆಗೆ ಮೂರು ಬೆರಳು. ಒಂದು ಮಡಿಕೆಯನ್ನು ಬಿಟ್ಟು ಗಂಟು ಹಾಕಿದೆ. ಅವರ ನಡುಮನೆ ಎಂದು ಮರೆತು ಸ್ವಲ್ಪ ಹೊತ್ತು ಆ ದಾರ ಹಿಡಿದು ಕೂತಿದ್ದೆ. ಅವರು ನೀರು ತಂದಿಟ್ಟರು.

ಮಣೆ ಮಾಡಿ ಮೋಟಾರಿನ ಮೇಲೆ ಹಾಕಿಕೊಂಡು ಕಮಲಾಪುರಕ್ಕೆ ಹೋದೆ. ಗೌರವ್ವ ಬಾಗಿಲಿಗೆ ಬಂದು ನನ್ನ ಹಿಂದೆ ನೋಡಿದಳು.

"ಅಕ್ಕಾರ ಎಲ್ರಿ?"

ಹೇಳಿದೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಒಳಗಿನಿಂದ ಬಸಲಿಂಗವ್ವ, "ಯಾರು ಬಂದಾರ?" ಎಂದು ಕೇಳಿದಳು. ಗೌರವ್ವ ಒಳಗೆ ಹೋಗಿ ಮೆಲ್ಲಗೆ ಹೇಳಿದಳು. ನಾನು ಪಡಸಾಲೆಯಲ್ಲಿ, ಅಂದು ಕೂತ ಜಾಗದಲ್ಲೇ ಕೂತಿದ್ದೆ. ಮಣೆ ಒಳಗೆ ಹೋಯಿತು. ಗೋಡೆ ಹಿಡಿದು ನಡೆಯುವ ಸಪ್ಪಳ, ಬಚ್ಚಲಿನ ಬಾಗಿಲು ಹಾಕಿದ ಸಪ್ಪಳ.

ಮೊದಲ ಚರಗಿ ಬಿತ್ತು. ಎರಡನೆಯದು ಬಿತ್ತು. ಕಾಲು ಊರಿದೆಯೇ ಎಂದು ಕೇಳಬೇಕಾಗಿತ್ತು. ಹೊರಗಿನಿಂದ ಗಂಡಸು ಕೇಳುವ ಮಾತಲ್ಲ.

ನೀರಿನ ಸಪ್ಪಳ ನಿಂತಿತು.

"ಮಿಸ್ತ್ರಿ," ಎಂದು ಒಳಗಿನಿಂದಲೇ ಕೂಗಿದಳು ಬಸಲಿಂಗವ್ವ. "ಹಿಮ್ಮಡ ಊರ್ಯಾವಪ್ಪ. ಎರಡೂ."

ಅವಳ ಪೂಜೆ ಮುಗಿದು ಊಟಕ್ಕೆ ಕೂತಾಗ ಹೊತ್ತು ಇನ್ನೂ ಏರುತ್ತಿತ್ತು. ನನಗೂ ಎಲೆ ಹಾಕಿದರು. ಬರುವಾಗ ಗೌರವ್ವ ಕೆಂಪು ಬಾಳೆಹಣ್ಣು ಕೊಟ್ಟಳು. ಮೋಟಾರಿನಲ್ಲಿ ನನ್ನ ಪಕ್ಕದಲ್ಲಿ ಇಟ್ಟುಕೊಂಡೆ.

ಆ ದಾರವನ್ನು ಈಗ ಹಳೆಯ ಗೂಟಕ್ಕೆ ಕಟ್ಟಿದ್ದೇನೆ. ಅದರಲ್ಲಿ ಒಂದು ಅಳತೆ ಮಾತ್ರ ಇದೆ. ಕೋಲು ಇನ್ನೂ ಸಿಕ್ಕಿಲ್ಲ.